ಸ್ಟಾಕ್ ಕೂಲರ್‌ನಲ್ಲೇ ಓವರ್‌ಕ್ಲಾಕ್: ರೈಜೆನ್ 5 1600 ಜೊತೆ ಆರು ವರ್ಷ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರ್ ಅನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಈಗ ನನ್ನ ಕಂಪ್ಯೂಟರ್ ಯಾವ ಸೆಟ್ಟಿಂಗ್‌ನಲ್ಲಿ ಓಡುತ್ತಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಪ್ರೊಸೆಸರ್ ಎಎಂಡಿ ರೈಜೆನ್ 5 1600. ಅದನ್ನು ತಣ್ಣಗಿಡುವ ಕೂಲರ್ ಅದರ ಬಾಕ್ಸ್‌ನಲ್ಲೇ ಬಂದ, ಅಂದರೆ ಸ್ಟಾಕ್, ರೇತ್ ಸ್ಪೈರ್. ಆರೂ ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳು) 3.7 ಗಿಗಾಹರ್ಟ್ಸ್, ವೋಲ್ಟೇಜ್ 1.2375. ಆರು ವರ್ಷದಲ್ಲಿ ಬೇರೆ ಕೂಲರ್ ಹಾಕಿಲ್ಲ. ವಿಡಿಯೋ ಎಡಿಟಿಂಗ್, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ (ದೃಶ್ಯವನ್ನು ಲೆಕ್ಕ ಹಾಕಿ ಚಿತ್ರ ಮಾಡಿಸುವುದು), ಬಿಡುವಿದ್ದಾಗ ಗೇಮ್, ಎಲ್ಲ ಇದರಲ್ಲೇ.

ಇದು 2017ರಲ್ಲಿ ಬಂದ ಚಿಪ್. 6 ಕೋರ್, 12 ಥ್ರೆಡ್ (ಒಟ್ಟಿಗೆ ಓಡಿಸಬಲ್ಲ ಕೆಲಸದ ಸಾಲು), 65 ವ್ಯಾಟ್. ಬೇಸ್ (ಮೂಲ ವೇಗ) 3.2, ಬೂಸ್ಟ್ (ತಾನಾಗಿ ಏರುವ ವೇಗ) 3.6 ಅಂತ ಬಾಕ್ಸ್ ಮೇಲೆ ಇರುತ್ತದೆ. ಆದರೆ ಆ 3.6 ಸಿಗುವುದು ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ. ಎಲ್ಲ ಕೋರ್ ದುಡಿಯುವಾಗ ನನ್ನದು 3.4ಕ್ಕೆ ನಿಲ್ಲುತ್ತಿತ್ತು. ರೆಂಡರ್ ಮಾಡುವವರಿಗೆ ಲೆಕ್ಕಕ್ಕೆ ಬರುವುದು ಈ 3.4. ಅಲ್ಲಿಂದ 3.8ಕ್ಕೆ ಏರಿಸಿದರೆ ಸುಮಾರು 12% ವೇಗ ಜಾಸ್ತಿ. ಕೈಯಿಂದ ಒಂದು ರೂಪಾಯಿ ಹಾಕದೆ ಸಿಗುವ ವೇಗ, ಯಾರಿಗೆ ಬೇಡ ಅಲ್ವಾ?

ಮೊದಲ ದಿನ ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಹೋಗಿ ಮಲ್ಟಿಪ್ಲೈಯರ್ 38 ಮಾಡಿದೆ, ಅಂದರೆ 3.8 ಗಿಗಾಹರ್ಟ್ಸ್. ವೋಲ್ಟೇಜ್ ಆಟೋದಲ್ಲೇ ಬಿಟ್ಟೆ. ರೆಂಡರ್ ಶುರು ಮಾಡಿದ ಒಂದೇ ನಿಮಿಷಕ್ಕೆ 90 ಡಿಗ್ರಿ ದಾಟಿತು. ಈ ಚಿಪ್‌ನ ಮಿತಿಯೇ 95. ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಿತ್ತು. ಈ ಕೂಲರ್ ಕೈಲಿ ಆಗಲ್ಲ ಅಂತ ಆ ಕ್ಷಣಕ್ಕೆ ಅನ್ನಿಸಿತ್ತು. ಆಮೇಲೆ ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆಗೆದು ನೋಡಿದರೆ ಆಟೋದಲ್ಲಿ ಮದರ್‌ಬೋರ್ಡ್ 1.4 ವೋಲ್ಟ್‌ಗಿಂತ ಜಾಸ್ತಿ ಕೊಡುತ್ತಿತ್ತು. ಅಷ್ಟು ಬೇಕೇ ಇರಲಿಲ್ಲ. ಆಟೋ ಅಂದರೆ ಯಾವ ಚಿಪ್ ಬಂದರೂ ಹ್ಯಾಂಗ್ ಆಗಬಾರದು ಅಂತ ಎರಡು ಮುಷ್ಟಿ ಜಾಸ್ತಿಯೇ ಹಾಕುವ ಲೆಕ್ಕ.

ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಸ್ಟಾಕ್ ಕೂಲರ್ ಇಟ್ಟುಕೊಂಡು ಓವರ್‌ಕ್ಲಾಕ್ ಮಾಡುವವರಿಗೆ ಪೂರ್ತಿ ಆಟ ಇರುವುದು ಇಲ್ಲೇ. ಚಿಪ್ ಎಳೆಯುವ ಕರೆಂಟು, ಅಂದರೆ ಅದರ ಬಿಸಿ, ವೇಗ ಏರಿದಷ್ಟೇ ಏರುತ್ತದೆ. ಆದರೆ ವೋಲ್ಟೇಜ್ ಏರಿಸಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ 10% ಜಾಸ್ತಿ ಆದರೆ ಬಿಸಿ 21% ಜಾಸ್ತಿ. ದೊಡ್ಡ ಟವರ್ ಕೂಲರ್ ಇದ್ದವರು ಇದನ್ನು ಮರೆತರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಹಾಗಾಗಿ ಎಷ್ಟು ಗಿಗಾಹರ್ಟ್ಸ್ ಬಂತು ಅಂತ ಕೇಳುವ ಮೊದಲು, ಎಷ್ಟು ಕಡಿಮೆ ವೋಲ್ಟೇಜ್‌ನಲ್ಲಿ ಬಂತು ಅಂತ ಕೇಳಬೇಕು.

ಆಮೇಲಿನ ಎರಡು ವಾರ ವೋಲ್ಟೇಜ್ ಇಳಿಸುವುದೇ ಕೆಲಸ. 3.8ಕ್ಕೆ 1.35ರಿಂದ ಶುರು ಮಾಡಿ ಒಂದೊಂದೇ ಹಂತ ಇಳಿದೆ. 1.275ರಲ್ಲಿ ಸಿನೆಬೆಂಚ್ (ಪ್ರೊಸೆಸರ್ ಪರೀಕ್ಷಿಸುವ ಸಾಫ್ಟ್‌ವೇರ್) ಅರ್ಧದಲ್ಲೇ ಹ್ಯಾಂಗ್ ಆಯಿತು. 1.2875ರಲ್ಲಿ ಸಿನೆಬೆಂಚ್ ಸಲೀಸಾಗಿ ಮುಗಿಯಿತು, ಆದರೆ ರೆಂಡರ್ ಹಚ್ಚಿ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ರಿಸ್ಟಾರ್ಟ್ ಆಯಿತು. 1.3ರಲ್ಲಿ ಇಡೀ ರಾತ್ರಿ ಓಡಿತು. ರೆಂಡರ್‌ನಲ್ಲಿ 77–78 ಡಿಗ್ರಿ. ಅದೇ ಕೂಲರ್, ಅದೇ 3.8!

ಸಿನೆಬೆಂಚ್ ಒಂದು ಸಲ ಮುಗಿದ ಕೂಡಲೇ ಸ್ಟೇಬಲ್ ಅಂದುಕೊಳ್ಳಬೇಡಿ. ನೀವು ದಿನಾ ಮಾಡುವ ಭಾರದ ಕೆಲಸವನ್ನೇ ಗಂಟೆಗಟ್ಟಲೆ ಓಡಿಸಿ. ಮುಗಿದ ಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದು ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್ ತಪ್ಪಿನ) ಎಚ್ಚರಿಕೆ ಇದೆಯಾ ನೋಡಿ. ಹ್ಯಾಂಗ್ ಆಗದೆ ಒಳಗೊಳಗೇ ತಪ್ಪಾಗುತ್ತಿದ್ದರೆ ಅಲ್ಲಿ ಸುಳಿವು ಸಿಗಬಹುದು. ಕೆಲಸದ ಫೈಲ್ ಇಟ್ಟುಕೊಂಡಿರುವವರು ಇದನ್ನು ಬಿಡಲೇಬಾರದು.

3.9 ಕೂಡ ನೋಡಿದೆ. ನನ್ನ ಚಿಪ್ 1.3875 ವೋಲ್ಟ್ ಕೇಳಿತು. ಲೆಕ್ಕ ಹಾಕಿದರೆ 2.6% ವೇಗಕ್ಕೆ 17% ಬಿಸಿ ಜಾಸ್ತಿ. ಒಂದು ಸಂಜೆ ಓಡಿಸಿ ವಾಪಸ್ ಬಂದೆ.

ಎರಡು ವರ್ಷ 3.8ರಲ್ಲೇ ಇದ್ದೆ. ಆಮೇಲೆ ಒಂದು ಬೇಸಿಗೆಯಲ್ಲಿ ಮಧ್ಯಾಹ್ನದ ರೆಂಡರ್ 85 ಮುಟ್ಟಿತು. ಕೂಲರ್ ಕೋಣೆಯ ಗಾಳಿಯನ್ನೇ ಊದುವುದು ತಾನೇ. ಕೋಣೆ 8 ಡಿಗ್ರಿ ಏರಿದರೆ ಚಿಪ್ಪೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಚಳಿಯಲ್ಲಿ ಟೆಸ್ಟ್ ಮಾಡಿ ಮುಗೀತು ಅಂದುಕೊಂಡವರಿಗೆ ಇದು ಗೊತ್ತಿರಲಿ. ಆಗ 3.7, 1.2375ಕ್ಕೆ ಇಳಿದೆ. ಬಿಸಿ ಸುಮಾರು 12% ಕಡಿಮೆ. 3.8ರಲ್ಲಿ ಒಂದು ಗಂಟೆ ಹಿಡಿಯುವ ರೆಂಡರ್ ಈಗ ಒಂದೂವರೆ ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಅದಕ್ಕೆ ಬದಲಾಗಿ ಫ್ಯಾನ್ ಸದ್ದು ಎಷ್ಟು ಇಳಿಯಿತು ಅಂದರೆ, ಪಕ್ಕದಲ್ಲಿ ಕೂತು ಫೋನಿನಲ್ಲಿ ಮಾತಾಡಬಹುದು. ಈ ಹಂತ ನನಗೆ ತುಂಬಾ ಇಷ್ಟವಾಯಿತು, ಮೊದಲೇ ಇಲ್ಲಿಗೆ ಬರಬೇಕಿತ್ತು.

ಫ್ಯಾನ್ ಬಗ್ಗೆ ಇನ್ನೊಂದು ಮಾತು. ಬಯೋಸ್‌ನಲ್ಲಿ ಬಂದ ಫ್ಯಾನ್ ಕರ್ವ್‌ನಲ್ಲಿ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಸೆಟ್ಟಿಂಗ್) ಬ್ರೌಸರ್ ತೆರೆದರೂ ಫ್ಯಾನ್ ಒಮ್ಮೆ ಜೋರಾಗಿ ಆಮೇಲೆ ಇಳಿಯುತ್ತಿತ್ತು. ಕಿವಿಗೆ ಹಿಂಸೆ ಅದು. 60 ಡಿಗ್ರಿವರೆಗೆ ಒಂದೇ ವೇಗ, ಅಲ್ಲಿಂದ ನಿಧಾನವಾಗಿ ಏರಿಕೆ ಅಂತ ಬದಲಿಸಿದೆ. ಅಲ್ಲಿಗೆ ಕಾಟ ನಿಂತಿತು.

ಸ್ಟಾಕ್ ಕೂಲರ್‌ಗೆ ಒಂದು ಒಳ್ಳೆ ಗುಣ ಇದೆ, ಯಾರೂ ಹೇಳುವುದಿಲ್ಲ. ಅದು ಗಾಳಿಯನ್ನು ಮೇಲಿಂದ ಕೆಳಗೆ, ಬೋರ್ಡ್ ಕಡೆಗೇ ಊದುತ್ತದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಭಾಗಗಳು ಸುತ್ತಲೂ ಇರುತ್ತವಲ್ಲ, ಅವಕ್ಕೂ ಗಾಳಿ ತಾಗುತ್ತದೆ. ನನ್ನದು ಕಡಿಮೆ ಬೆಲೆಯ ಬಿ350 ಬೋರ್ಡ್. ಓವರ್‌ಕ್ಲಾಕ್ ಮಾಡಿದಾಗ ಅವೂ ಚೆನ್ನಾಗಿ ಬಿಸಿಯಾಗುತ್ತವೆ. ಟವರ್ ಕೂಲರ್ ಗಾಳಿ ಅಡ್ಡಡ್ಡ ಹೋಗುತ್ತದೆ, ಅಲ್ಲಿ ಈ ಅನುಕೂಲ ಕಡಿಮೆ. ಅಂದಹಾಗೆ ಎ320 ಬೋರ್ಡ್ ಇದ್ದರೆ ಮಲ್ಟಿಪ್ಲೈಯರ್ ಬದಲಿಸಲು ಆಗುವುದಿಲ್ಲ.

ಇನ್ನು ಮೂರನೇ ವರ್ಷ ಆದ ಅನಾಹುತ. ಬಿಸಿ ಸ್ವಲ್ಪ ಏರಿದೆ ಅನ್ನಿಸಿ ಪೇಸ್ಟ್ (ಚಿಪ್‌ನಿಂದ ಕೂಲರ್‌ಗೆ ಬಿಸಿ ದಾಟಿಸಲು ಮಧ್ಯೆ ಹಚ್ಚುವುದು) ಬದಲಿಸೋಣ ಅಂತ ಕೂತೆ. ನಾಲ್ಕು ಸ್ಕ್ರೂ ಬಿಚ್ಚಿ ಕೂಲರ್ ಮೇಲಕ್ಕೆ ಎಳೆದೆ. ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಬಲ ಹಾಕಿದೆ. ಟಪ್ ಅಂತ ಸದ್ದಾಯಿತು. ಕೂಲರ್ ಕೈಯಲ್ಲಿತ್ತು, ಅದರ ತಳಕ್ಕೆ ಪ್ರೊಸೆಸರ್ ಅಂಟಿಕೊಂಡಿತ್ತು. ಸಾಕೆಟ್ ಖಾಲಿ, ಲಿವರ್ ಇನ್ನೂ ಲಾಕ್ ಆಗಿಯೇ ಇತ್ತು. ಕೈಕಾಲು ತಣ್ಣಗಾಯಿತು. ಇಂಥ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ 1331 ಪಿನ್. ಬೆಳಕಿಗೆ ಹಿಡಿದು ಸಾಲು ಸಾಲಾಗಿ ನೋಡಿದರೆ ಒಂದು ಮೂಲೆಯಲ್ಲಿ ಮೂರು ಪಿನ್ ವಾಲಿದ್ದವು. ಕಡ್ಡಿ ಹಾಕುವ ಪೆನ್ಸಿಲ್‌ನಿಂದ ಕಡ್ಡಿ ತೆಗೆದು, ಅದರ ಲೋಹದ ತೂತನ್ನು ಒಂದೊಂದೇ ಪಿನ್‌ಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಒತ್ತಡ ಹಾಕದೆ ಸಾಕೆಟ್‌ಗೆ ತಾನಾಗಿ ಇಳಿದಾಗ ಹೋದ ಜೀವ ಬಂತು.

ದಯವಿಟ್ಟು ನೀವು ಹೀಗೆ ಎಳೆಯಬೇಡಿ. ಒಣಗಿದ ಪೇಸ್ಟ್ ಗೋಂದಿನ ಹಾಗೆ ಹಿಡಿದಿರುತ್ತದೆ. ಹತ್ತು ನಿಮಿಷ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಹಿಡಿತ ಬಿಟ್ಟಿದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ. ಹೊಸ ಪೇಸ್ಟ್ ಹಾಕಿದ ಮೇಲೆ ನನಗೆ 4 ಡಿಗ್ರಿ ಇಳಿಯಿತು. ಅದಕ್ಕಿಂತ ಜಾಸ್ತಿ ಇಳಿದಿದ್ದು ರೆಕ್ಕೆಗಳ ಮಧ್ಯದ ಧೂಳು ತೆಗೆದಾಗ, ಹತ್ತಿರ ಹತ್ತಿರ 6 ಡಿಗ್ರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ.

ಓವರ್‌ಕ್ಲಾಕ್‌ನಿಂದ ಚಿಪ್ ಹಾಳಾದರೆ ವಾರಂಟಿ ಸಿಗುವುದಿಲ್ಲ, ಅದನ್ನು ತಿಳಿದೇ ಕೈ ಹಾಕಿ. ಹೊಸ ಪ್ರೊಸೆಸರ್‌ಗಳಲ್ಲಿ ನಾನು ಇದೇ ದಾರಿ ಹಿಡಿಯುವುದಿಲ್ಲ. ರೈಜೆನ್ 5000ದಿಂದ ಈಚೆಗೆ ಚಿಪ್ಪೇ ತನ್ನ ವೇಗವನ್ನು ಮಿತಿಯ ಹತ್ತಿರ ಒಯ್ದಿರುತ್ತದೆ. ಎಲ್ಲ ಕೋರ್ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಒಂಟಿ ಕೋರ್‌ನ ಬೂಸ್ಟ್ ಕಳೆದುಕೊಳ್ಳುತ್ತೀರಿ. ಅಲ್ಲಿ ಕರ್ವ್ ಆಪ್ಟಿಮೈಸರ್ ಎಂಬ ಬಯೋಸ್ ಸೆಟ್ಟಿಂಗ್‌ನಲ್ಲಿ ವೋಲ್ಟೇಜ್ ಇಳಿಸುವುದೇ ಸರಿ. 1600, 2600 ಇಂಥ ಹಳೆ ಚಿಪ್ ಇನ್ನೂ ಓಡಿಸುತ್ತಿರುವವರು ಮಾತ್ರ ಒಮ್ಮೆ ಕೂತು ನೋಡಿ. 3.7ರಿಂದ ಶುರು ಮಾಡಿ, ವೋಲ್ಟೇಜ್ ಕೈಯಾರೆ ಹಾಕಿ. ಸಿಕ್ಕ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಬಯೋಸ್ ಅಪ್‌ಡೇಟ್ ಮಾಡಿದಾಗ ಎಲ್ಲ ಅಳಿಸಿಹೋಗುತ್ತದೆ. ನನ್ನದು ಕ್ಯಾಬಿನೆಟ್ ಬಾಗಿಲಿನ ಒಳಗಡೆ ಒಂದು ಚೀಟಿಯಲ್ಲಿ ಅಂಟಿಸಿದ್ದೇನೆ.