ಅರೆನಾಲ್‌ನ ಬಿಸಿನೀರು: ರೆಸಾರ್ಟೋ, ಪೇಟೆಯ ಲಾಡ್ಜೋ, ರಸ್ತೆ ಬದಿಯ ಹೊಳೆಯೋ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದವರು ಅಲ್ಲಿಂದಲೇ ಮಧ್ಯ ಅಮೆರಿಕದ ಕೋಸ್ಟಾರಿಕಾ ದೇಶ ನೋಡಿ ಬರುವುದುಂಟು. ನಮ್ಮ ಶಿರಸಿ, ಸಿದ್ದಾಪುರದ ನೆಂಟರಲ್ಲೂ ಕೆಲವರು ಈಗ ಹೊರಟಿದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅರೆನಾಲ್ ಜ್ವಾಲಾಮುಖಿಯ ಹತ್ತಿರ ಬಿಸಿನೀರಿನ ರೆಸಾರ್ಟ್‌ನಲ್ಲೇ ಉಳಿಯಬೇಕಾ, ಲಾ ಫೋರ್ತುನಾ ಪೇಟೆಯ ಲಾಡ್ಜ್ ಸಾಕಾ? ತಮ್ಮನ ಮನೆಗೆ ಹೋಗಿದ್ದಾಗ ನಾವು ಎರಡೂ ಕಡೆ ಉಳಿದೆವು. ರಸ್ತೆ ಬದಿಯಲ್ಲಿ ಹರಿಯುವ ಪುಕ್ಕಟೆ ಬಿಸಿನೀರಿನ ಹೊಳೆಯಲ್ಲೂ ಮಿಂದೆವು. ಜೊತೆಗೆ ಆಯಿ ಇದ್ದಳು, ತಮ್ಮನ ಮಕ್ಕಳೂ ಇದ್ದರು. ಹಾಗಾಗಿ ಮಂಡಿ ನೋವಿನವರಿಗೆ ಯಾವುದು, ಓಡಾಡುವವರಿಗೆ ಯಾವುದು ಎಂದು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಒಂದು ಮಾತು. ಕೆಂಪು ಲಾವಾ ಕಾಣುತ್ತದೆ ಅಂತ ಹೋಗಬೇಡಿ. ಅರೆನಾಲ್ 1968ರ ಜುಲೈ ಕೊನೆಯಲ್ಲಿ ಸಿಡಿದು, ಮುಂದೆ ಹತ್ತಾರು ವರ್ಷ ಕೆಂಡ ಉಗುಳುತ್ತಲೇ ಇತ್ತು. 2010ರಲ್ಲಿ ತಣ್ಣಗಾಗಿದೆ. ಈಗ ಕಾಣುವುದು ಶಂಕುವಿನಾಕಾರದ ಗುಡ್ಡ ಮಾತ್ರ. ಅದೂ ಮೋಡ ಸರಿದರೆ. ರೆಸಾರ್ಟ್‌ನವರು ಜ್ವಾಲಾಮುಖಿ ಕಾಣುವ ಕೋಣೆಗೆ ಜಾಸ್ತಿ ಬಾಡಿಗೆ ಕೇಳುತ್ತಾರೆ. ಆ ದುಡ್ಡು ಕೊಡಬೇಡಿ. ನಮಗೆ ಗುಡ್ಡ ಪೂರ್ತಿ ಕಂಡಿದ್ದು ಪೇಟೆಯಲ್ಲಿ, ಚರ್ಚಿನ ಎದುರಿನ ಪಾರ್ಕಿನಲ್ಲಿ ನಿಂತಾಗ.

ಕಾಡು, ಮಳೆ ನೋಡಲೆಂದೂ ಅಷ್ಟು ದೂರ ಹೋಗಬೇಕಿಲ್ಲ. ಜಡಿಮಳೆಯಲ್ಲೇ ಬೆಳೆದ ನಮಗೆ ಅದು ಹೊಸದಲ್ಲ. ಹೊಸದು ಅಂದರೆ ನೀರು. ಅಲ್ಲಿ ಸುರಿದ ಮಳೆ ನೆಲದಲ್ಲಿ ಇಂಗಿ, ಆಳದ ಬಿಸಿ ಬಂಡೆಗಳಿಗೆ ತಾಗಿ, ಕಾದು ಮತ್ತೆ ಮೇಲೆ ಬರುತ್ತದೆ. ನಾವು ಉಳಿದ ರೆಸಾರ್ಟ್‌ನೊಳಗೆ ಇಡೀ ಹೊಳೆಯೇ ಬಿಸಿ. ಮರಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲಿನ ಗುಂಡಿಯಲ್ಲಿ ಮೈ ಸುಡುವಷ್ಟು ಬಿಸಿ, ಕೆಳಗೆ ಇಳಿದಂತೆ ಹದ. ಆಷಾಢದಲ್ಲಿ ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಹಂಡೆಯ ನೀರು ಬೆನ್ನಿಗೆ ಬಿದ್ದಾಗಿನ ಹಿತ ಅದು. ತಲೆಯ ಮೇಲೆ ತಣ್ಣನೆ ಮಳೆ, ಕುತ್ತಿಗೆವರೆಗೆ ಬಿಸಿನೀರು. ಇದಕ್ಕಾಗಿ ಅಷ್ಟು ದೂರ ಹೋಗಬಹುದು, ನಿಜಕ್ಕೂ.

ರೆಸಾರ್ಟ್‌ನಲ್ಲೇ ಉಳಿದರೆ ಸಿಗುವ ದೊಡ್ಡ ಲಾಭ ಬೆಳಗಿನ ಹೊತ್ತು. ಸಂಜೆ ದಿನದ ಟಿಕೆಟ್ ಪಡೆದವರೆಲ್ಲ ಬಂದು ಗುಂಡಿಗಳು ತುಂಬಿಹೋಗುತ್ತವೆ, ಸಂಗೀತ, ಗಲಾಟೆ. ಬೆಳಿಗ್ಗೆ ಯಾರೂ ಇರಲಿಲ್ಲ. ಎಲ್ಲೋ ಹೌಲರ್ ಮಂಗಗಳು ಗರ್ಜಿಸುತ್ತಿದ್ದವು. ಆಯಿ ಕಟಾಂಜನ ಹಿಡಿದು ನಿಧಾನಕ್ಕೆ ಇಳಿದು, ಕಲ್ಲಿಗೆ ಒರಗಿ ಕೂತಳು. 'ಇಲ್ಲೇ ಇದ್ದುಬಿಡುವಾ' ಅಂದಳು. ಕೋಣೆ ಹತ್ತಿರವೇ ಇತ್ತು. ಸಾಕೆನಿಸಿದಾಗ ಎದ್ದು ಹೋಗಬಹುದು, ಮತ್ತೆ ಬರಬಹುದು. ರಕ್ತದೊತ್ತಡ ಇರುವವರು ಒಂದೇ ಸಮ ಕೂರಬಾರದು. ಹಾಗಾಗಿ ಈ ಅನುಕೂಲ ಸಣ್ಣದಲ್ಲ.

ಈಗ ರೆಸಾರ್ಟ್‌ಗಳಿರುವ ಆ ಕಡೆ 1968ಕ್ಕೆ ಮುಂಚೆ ತಬಾಕೋನ್ ಎಂಬ ಹಳ್ಳಿಯಿತ್ತು. ಗುಡ್ಡ ಸಿಡಿದಿದ್ದು ಪಶ್ಚಿಮಕ್ಕೆ. ಆ ಹಳ್ಳಿ, ಪಕ್ಕದ ಪುಯೆಬ್ಲೊ ನುಯೆವೊ ಎರಡೂ ನಾಶವಾದವು. ಸುಮಾರು 80 ಜನ ಸತ್ತರು. ಪೂರ್ವಕ್ಕಿದ್ದ ಲಾ ಫೋರ್ತುನಾ ಉಳಿಯಿತು. ರೆಸಾರ್ಟ್‌ನಲ್ಲಿ ಯಾರೂ ನಮಗೆ ಇದನ್ನು ಹೇಳಲಿಲ್ಲ. ಲಾಡ್ಜಿನ ಅಮ್ಮ ಹೇಳಿದರು. ತಿಳಿದ ಮೇಲೆ ಆ ನೀರಿಗೆ ಬೇರೆಯೇ ಮರ್ಯಾದೆ ಬಂತು.

ಲಾಡ್ಜ್ ಅಂದರೆ ಒಂದು ಮನೆಯವರೇ ನಡೆಸುವ ಜಾಗ. ಚೊಕ್ಕ ಕೋಣೆ, ಅಂಗಳದಲ್ಲಿ ಗಿಡ, ಹಕ್ಕಿಗಳಿಗೆ ಇಟ್ಟ ಪಪ್ಪಾಯಿ. ದೊಡ್ಡ ಕೊಕ್ಕಿನ ಟೂಕನ್ ಹಕ್ಕಿ ಬಂದು ಕೂತಾಗ ಮಕ್ಕಳಿಗೆ ದಾಂಡೇಲಿಯ ಮಂಗಟ್ಟೆ ನೆನಪಾಯಿತು. ಬಾಡಿಗೆ ರೆಸಾರ್ಟ್‌ನ ಕಾಲು ಭಾಗವೂ ಇಲ್ಲ. ಕೊರತೆ ಎರಡು. ಬಟ್ಟೆ ಒಣಗುವುದಿಲ್ಲ. ಬಿಸಿನೀರಿಗೆ ಹತ್ತು ಹನ್ನೆರಡು ಕಿಲೋಮೀಟರ್ ಟ್ಯಾಕ್ಸಿ ಮಾಡಿ, ದಿನದ ಟಿಕೆಟ್ ತಗೊಂಡು ಹೋಗಬೇಕು.

ಊಟದಲ್ಲಂತೂ ಪೇಟೆಯೇ ಗೆದ್ದಿತು. ಅಲ್ಲಿ ಸೋಡಾ ಅನ್ನುವ ಸಣ್ಣ ಖಾನಾವಳಿಗಳಿವೆ. ಕಸಾದೋ ಕೇಳಿದರೆ ಅನ್ನ, ಕಪ್ಪು ಅವರೆಯಂಥ ಕಾಳು, ಕೋಸಿನ ಪಚಡಿ, ಹುರಿದ ಬಾಳೆಹಣ್ಣು ಕೊಡುತ್ತಾರೆ. ಮಾಂಸ ಬೇಡ ಅಂದರೆ ಬಿಡುತ್ತಾರೆ. ಆದರೆ ಕಾಳು ಬೇಯಿಸಲು ಹಂದಿ ಕೊಬ್ಬು ಹಾಕುವುದುಂಟು, ಅದನ್ನು ಮೊದಲೇ ಕೇಳಿಕೊಳ್ಳಿ. ರೆಸಾರ್ಟ್‌ನಲ್ಲಿ ಸಸ್ಯಾಹಾರಿಗೆ ಸಿಕ್ಕಿದ್ದು ಪಾಸ್ತಾ, ಮತ್ತೆ ಪಾಸ್ತಾ. ಆಯಿ ಉಪ್ಪಿನಕಾಯಿ ತಂದಿದ್ದಕ್ಕೆ ಬಚಾವ್.

ಪುಕ್ಕಟೆ ಹೊಳೆಯನ್ನು ಊರವರು ಎಲ್ ಚೊಯೀನ್ ಅನ್ನುತ್ತಾರೆ. ರೆಸಾರ್ಟ್‌ಗೆ ಹರಿಯುವಂಥದೇ ಬಿಸಿನೀರು, ರಸ್ತೆ ಬದಿಯಲ್ಲಿ ಇಳಿದರೆ ಸಿಕ್ಕಿತು. ಊರ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದಿದ್ದವು. ನನಗೆ ತುಂಬಾ ಇಷ್ಟವಾದ ಜಾಗ ಅದು. ಆದರೆ ಸೆಳವು ಜೋರು, ಕಲ್ಲು ಜಾರುತ್ತದೆ, ಬಟ್ಟೆ ಬದಲಿಸಲು ಕೋಣೆ ಇಲ್ಲ, ಚೀಲ ಕಾಯಲು ಒಬ್ಬರು ದಡದಲ್ಲೇ ಇರಬೇಕು. ಜೋರು ಮಳೆ ಬಂದ ಮೇಲೆ ಇಳಿಯಲೇಬಾರದು. ಆಯಿಯನ್ನು ನಾವು ಕೆಳಗೆ ಕರೆದೊಯ್ಯಲಿಲ್ಲ.

ಹಾಗಾದರೆ ಏನು ಮಾಡಬೇಕು? ಗಟ್ಟಿ ಕಾಲಿನವರು ಪೇಟೆಯಲ್ಲೇ ಉಳಿಯಿರಿ. ಬೆಳಿಗ್ಗೆ ಹೊಳೆಗೆ ಹೋಗಿ, ಒಂದು ದಿನ ಮಾತ್ರ ರೆಸಾರ್ಟ್‌ನ ಟಿಕೆಟ್ ತಗೊಳ್ಳಿ. ಉಳಿದ ದುಡ್ಡಿನಲ್ಲಿ ಕಾಡಿನ ಗೈಡ್ ಮಾಡಿಕೊಳ್ಳಿ. ಮರದ ಮೇಲೆ ಅಲುಗಾಡದೆ ಇರುವ ಸ್ಲಾತ್ ಎಂಬ ಪ್ರಾಣಿ ಎಲ್ಲಿ ಮಲಗಿದೆ ಅಂತ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅಂದಹಾಗೆ, ಅಷ್ಟು ಒದ್ದೆ ಕಾಡಿನಲ್ಲಿ ತಿರುಗಿದರೂ ನಮಗೆ ಒಂದೂ ಉಂಬಳ (ಜಿಗಣೆ) ಹತ್ತಲಿಲ್ಲ.

ಹಿರಿಯರು ಜೊತೆಗಿದ್ದರೆ ಪೇಟೆಯ ವಾಸ ಮುಗಿಸಿ, ಕೊನೆಯ ರಾತ್ರಿ ರೆಸಾರ್ಟ್‌ಗೆ ಬನ್ನಿ. ಅಗ್ಗದ ಕೋಣೆಯೇ ಇರಲಿ, ಆದರೆ ನೀರಿಗೆ ಹತ್ತಿರದ್ದು, ಮೆಟ್ಟಿಲು ಕಡಿಮೆ ಇರುವುದು ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಕೋಸ್ಟಾರಿಕಾದ ರಾಜಧಾನಿ ಸ್ಯಾನ್ ಹೋಸೆಯ ವಿಮಾನ ನಿಲ್ದಾಣಕ್ಕೆ ಅಲ್ಲಿಂದ ಸುಮಾರು ಮೂರು ಗಂಟೆ ದಾರಿ. ವಾಪಸ್ ವಿಮಾನ ಸಂಜೆಯದಿದ್ದರೆ ಬೆಳಗಿನ ಸ್ನಾನ ತಪ್ಪುವುದಿಲ್ಲ.