ದಾರಿಯಲ್ಲಿ ಕಂಡ ಹಳೇ ಕಾರು: ಫೋಟೊ ಹುಡುಕಾಟವೋ, ಕಣ್ಣೋ, ಚಾಸಿ ನಂಬರೋ?

ಓಡುತ್ತಿರುವ ಕಾರಾದರೆ ಫೋಟೊ ಹುಡುಕಾಟವೇ ಮೊದಲು. ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವಂತೆ ಓರೆಯಾಗಿ ತೆಗೆದು, ಹಿನ್ನೆಲೆ ಕತ್ತರಿಸಿ, ಫೋಟೊ ನೋಡಿ ಗುರುತಿಸುವ ಆಪ್‌ನಲ್ಲಿ ಹುಡುಕಿ. ಕಂಪನಿ, ಮಾದರಿ ಬಹುಮಟ್ಟಿಗೆ ಸಿಗುತ್ತವೆ. ಅದು ಎಡವುವುದು ವರ್ಷದಲ್ಲಿ. ಅಸಲು-ನಕಲಿನ ವಿಷಯಕ್ಕಂತೂ ಕೆಲಸಕ್ಕೇ ಬಾರದು. ಎಸಿ ಕೋಬ್ರಾ ಎಂಬ ಹಳೇ ಸ್ಪೋರ್ಟ್ಸ್ ಕಾರಿನ ನಕಲುಗಳು ಅಸಲಿಗಿಂತ ಎಷ್ಟೋ ಪಟ್ಟು ಹೆಚ್ಚಿವೆ, ಆಪ್‌ಗೆ ಎರಡೂ ಒಂದೇ.

ವರ್ಷ ಬೇಕೆಂದರೆ ಕಣ್ಣೇ ವಾಸಿ. ಚಕ್ರ, ಬಣ್ಣ, ಲಾಂಛನ ನಂಬಬೇಡಿ, ಯಾರು ಬೇಕಾದರೂ ಬದಲಿಸಬಹುದು. ಗಾಜಿನ ಆಕಾರ, ದೀಪದ ಜಾಗ ನೋಡಿ. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂಗಾಜು ಎರಡು ಭಾಗವಾಗಿದ್ದರೆ ಅದು 1953ಕ್ಕೋ ಅದಕ್ಕೂ ಹಿಂದಕ್ಕೋ ಸೇರಿದ್ದು; ಒಂದೇ ಅಂಡಾಕಾರದ ಗಾಜಾದರೆ 1953ರಿಂದ 1957ರೊಳಗಿನದು.

ಜಾಗ್ವಾರ್ ಇ-ಟೈಪ್ ಸ್ವಲ್ಪ ಸತಾಯಿಸುತ್ತದೆ. ಮುಂದೀಪಕ್ಕೆ ಗಾಜಿನ ಮುಚ್ಚಳವಿದ್ದರೆ ಮೊದಲ ಸರಣಿ, ಸರಿ. ಮುಚ್ಚಳವಿಲ್ಲವೆಂದು ಎರಡನೆಯದು ಎಂದುಬಿಟ್ಟರೆ ಮೋಸ: 1967ರ ಹೊತ್ತಿಗೆ ಮೊದಲ ಸರಣಿಯಲ್ಲೇ ಅದು ಹೋಗಿತ್ತು. ಹಿಂದೀಪ ಬಂಪರ್‌ನ ಮೇಲಿದ್ದರೆ ಇನ್ನೂ ಮೊದಲನೆಯದೇ, ಕೆಳಗಿಳಿದಿದ್ದರೆ ನಂತರದ್ದು. ಮುಂಭಾಗದ ಗಾಳಿಬಾಯಿಗೆ ಜಾಲರಿ, ಚಕ್ರದ ಮೇಲೆ ಉಬ್ಬಿದ ಕಮಾನು ಇದ್ದರೆ ಮೂರನೆಯದು, ಅಂದರೆ 12 ಸಿಲಿಂಡರ್ ಎಂಜಿನ್.

ಚಾಸಿ ನಂಬರ್ ನಿಂತ ಕಾರಿಗೆ, ಅದೂ ಮಾಲೀಕರು ಒಪ್ಪಿದರೆ ಮಾತ್ರ. ಅಮೆರಿಕದ ಮಾರುಕಟ್ಟೆಯ 1981ರ ನಂತರದ ಕಾರಿನಲ್ಲಿ ಈ ನಂಬರಿಗೆ ಅಕ್ಷರ-ಅಂಕಿ ಸೇರಿ 17 ಸ್ಥಾನಗಳಿದ್ದು, ಹತ್ತನೆಯದು ಮಾದರಿ ವರ್ಷ ಹೇಳುತ್ತದೆ. ಹಳೆಯವುಗಳಲ್ಲಿ ಕಂಪನಿಗೊಂದು ಪದ್ಧತಿ. ಆಯಾ ಕಂಪನಿಯ ಪಟ್ಟಿಯೇ ಬೇಕು. ಕೋಬ್ರಾದಂಥ ಕಾರು ಅಸಲೇ ಎಂದು ತಿಳಿಯಬೇಕಿದ್ದರೆ ಈ ನಂಬರಿನಿಂದಲೇ ಶುರುಮಾಡಿ.