ಮಕ್ರಾಸ್, ರಾಸ್ ಎರಿಲಿ, ಸ್ಲೈಗೋ: ಯಾವ ಪಾಳುಮಠಕ್ಕೆ ಹೋಗಬೇಕು?

ಐರ್ಲೆಂಡಿನಲ್ಲಿ ಒಂದೇ ಫ್ರೈಯರಿ (ಕ್ರೈಸ್ತ ಸನ್ಯಾಸಿಗಳ ಮಠ) ನೋಡಲು ಬಿಡುವಿದೆ, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಅದು ಮೊದಲು ನಿಮ್ಮ ಓಡಾಟದ ಮೇಲೆ ನಿಂತಿದೆ.

ಕಾರಿಲ್ಲದಿದ್ದರೆ ಸ್ಲೈಗೋ ಸುಲಭ, ಊರೊಳಗೇ ಇದೆ; ಟಿಕೆಟ್ ಕೊಳ್ಳಬೇಕು. ಮಕ್ರಾಸ್ ಕಿಲಾರ್ನಿ ರಾಷ್ಟ್ರೀಯ ಉದ್ಯಾನದಲ್ಲಿದೆ, ಊರಿಂದ ಸೈಕಲ್ಲಿನಲ್ಲೇ ಹೋಗಬಹುದು. ರಾಸ್ ಎರಿಲಿ ಗಾಲ್ವೇ ಕೌಂಟಿಯ ಹೆಡ್‌ಫರ್ಡ್ ಊರಿನ ಆಚೆ, ಹೊಲಗಳ ನಡುವೆ. ಸ್ವಂತ ವಾಹನವಿದ್ದರೆ ವಾಸಿ. ಇವೆರಡಕ್ಕೂ ಪ್ರವೇಶ ಉಚಿತ.

ಶಿಲ್ಪದ ಮೋಹವಿದ್ದವರಿಗೆ ಸ್ಲೈಗೋ. 1253ರ ಡೊಮಿನಿಕನ್ ಪಂಥದ ಸನ್ಯಾಸಿಗಳ ಮಠವದು; 1414ರಲ್ಲಿ ಬೆಂಕಿಗೆ ತುತ್ತಾಗಿ ಮತ್ತೆ ಎದ್ದಿತು. ಅಲ್ಲಿನ ಕೆತ್ತಿದ ಬಲಿಪೀಠ ಇಂದಿಗೂ ಉಳಿದಿದೆ. 1448ರ ಮಕ್ರಾಸ್‌ನಲ್ಲಿ ಕಮಾನಿನ ಪಡಸಾಲೆ ಸುತ್ತುವರಿದ ಅಂಗಳದ ನಡುವೆ ಹಳೆಯ ಯೂ ಎಂಬ ನಿತ್ಯಹಸಿರು ಮರವೊಂದಿದೆ. ಸುಮ್ಮನೆ ಕೂರಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆದರೆ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಗಳು ದಿನ ಹೇಗೆ ಕಳೆಯುತ್ತಿದ್ದರು ಅನ್ನುವ ಕುತೂಹಲವಿದ್ದರೆ ರಾಸ್ ಎರಿಲಿಗೇ ಹೋಗಿ. ಅಡುಗೆಮನೆಯ ಒಲೆ, ಮೀನು ಜೀವಂತ ಇಡುತ್ತಿದ್ದ ಕಲ್ಲಿನ ತೊಟ್ಟಿ, ಎರಡು ಅಂಗಳ, ಎಲ್ಲ ಗುರುತಾಗುತ್ತದೆ. ಇಲ್ಲಿನವರನ್ನು ಎಷ್ಟೋ ಸಲ ಹೊರದಬ್ಬಿದರು. ಆದರೂ ಅವರು ಮತ್ತೆ ಮತ್ತೆ ಮರಳಿ ಬಂದರು. ಹುಲ್ಲು ಒದ್ದೆಯಿರುತ್ತದೆ, ಗಟ್ಟಿ ಬೂಟು ಹಾಕಿಕೊಳ್ಳಿ.